ಮಹಾಲಿಂಗಯ್ಯನವರ ತೊಟ್ಟಿಯ ಮೀನು

ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ಮಹಾಲಿಂಗಯ್ಯನವರದು. ಕುಣಿಗಲ್ ಡಿಪೋದಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದಾಗ ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಿಕೊಂಡವರಲ್ಲ. ಅಂಥವರ ನೀರಿನ ತೊಟ್ಟಿಗೇ ಮೀನು ಬಿಡುವ ಕಾಲ ಬಂತು ನೋಡಿ!

ಆದದ್ದಿಷ್ಟು. ಶೆಟ್ಟಿಹಳ್ಳಿಯ ಅಂಚಿನಲ್ಲಿರುವ ಅವರ ಬಡಾವಣೆಯಲ್ಲಿ ಇಬ್ಬರಿಗೆ ಮಲೇರಿಯಾ ಬಂತು. ಸುದ್ದಿ ಮಗಳ ಅತ್ತೆಮನೆಯ ಊರು ಗುಬ್ಬಿಯನ್ನೂ ಮುಟ್ಟಿತು. ಅಲ್ಲಿಂದ ಬೀಗಿತ್ತಿ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದರು: "ಸೊಳ್ಳೆ ಕಾಟ ಹೋಗೋ ಗಂಟ ಸೊಸೇನ ಬಾಣಂತನಕ್ಕೆ ಕಳ್ಸಲ್ಲ ಬೀಗ್ರೇ."

ಒಬ್ಬಳೇ ಮಗಳು ಪೂಜಾ. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಹಾಗಿಲ್ಲವೆಂದರೆ ಯಾವ ಅಪ್ಪನಿಗೆ ಅನ್ನ ಇಳಿದೀತು?

ಮಹಾಲಿಂಗಯ್ಯ ಟೊಂಕ ಕಟ್ಟಿ ನಿಂತರು. ಕಿಟಕಿಗೆ ಜಾಲರಿ ಬಂತು, ಮಂಚಕ್ಕೆ ಸೊಳ್ಳೆಪರದೆ ಬಂತು. ಹಿತ್ತಲಲ್ಲಿ ಬಿದ್ದಿದ್ದ ತೆಂಗಿನ ಚಿಪ್ಪುಗಳೆಲ್ಲ ಬೋರಲು ಮಲಗಿದವು. ಸಂಜೆಯಾದರೆ ಬೇವಿನ ಸೊಪ್ಪಿನ ಹೊಗೆ; ಸೊಳ್ಳೆಗೇನಾಯಿತೋ, ಹೆಂಡತಿ ನಿಂಗಮ್ಮ ಕೆಮ್ಮಿ ಕೆಮ್ಮಿ ಸುಸ್ತಾದರು. ಇಷ್ಟೆಲ್ಲ ಆದಮೇಲೆ ಆಶಾ ಕಾರ್ಯಕರ್ತೆ ಮಾನಸಾ ಬಂದು ಹಿತ್ತಲ ತೊಟ್ಟಿಗೆ ಟಾರ್ಚ್ ಬಿಟ್ಟರೆ, ಸೊಳ್ಳೆಮರಿಗಳು ಜಾತ್ರೆ ಮಾಡುತ್ತಿದ್ದವು.

"ವಾರಕ್ಕೊಂದ್ ಸಲ ತೊಟ್ಟಿ ಖಾಲಿ ಮಾಡಿ ಉಜ್ಜಬೇಕು ಸಾರ್," ಎಂದಳು ಮಾನಸಾ.

"ನಲ್ಲೀಲಿ ನೀರ್ ಬರೋದೇ ಹತ್ತು ದಿನಕ್ಕೆ. ಚೆಲ್ಲಿ ಏನ್ಮಾಡ್ಲಮ್ಮಾ?"

"ಹಂಗಾದ್ರೆ ಗಪ್ಪಿ ಮೀನು ಬಿಡಿ. ಮರಿಗಳ್ನೆಲ್ಲ ತಿಂದ್ಬಿಡ್ತವೆ."

"ಶಿವ ಶಿವಾ!" ಎಂದು ಮಹಾಲಿಂಗಯ್ಯ ಕಿವಿ ಮುಚ್ಚಿಕೊಂಡರು.

ನಿಂಗಮ್ಮನಿಗೆ ರೇಗಿತು. "ನಿಮ್ ಮಡಿ ದೊಡ್ಡದೋ, ಮಗಳು ದೊಡ್ಡೋಳೋ? ಬಾಣಂತನ ಗುಬ್ಬೀಲೇ ಆಗ್ಲಿ ಬುಡಿ!"

ಆ ಮಾತಿಗೆ ಮುದುಕರ ಕಣ್ಣು ತುಂಬಿತು. ಪಕ್ಕದ ಮನೆಯ ರಹಿಮಾ ಬೀ ತಮ್ಮ ತೊಟ್ಟಿಯ ಎಂಟು ಮೀನುಗಳನ್ನು ಉಪ್ಪಿನಕಾಯಿ ಬಾಟಲಿಯಲ್ಲಿಟ್ಟು ಕಾಂಪೌಂಡ್ ಮೇಲಿಂದ ದಾಟಿಸಿದರು. ಮಹಾಲಿಂಗಯ್ಯ ಅತ್ತ ಮುಖ ಮಾಡಿಕೊಂಡು ತೊಟ್ಟಿಗೆ ಸುರಿದರು.

ಹತ್ತು ದಿನ ಕಳೆದು ಮಾನಸಾ ಮತ್ತೆ ಟಾರ್ಚ್ ಬಿಟ್ಟಳು. ಮರಿಯ ಸುಳಿವೇ ಇಲ್ಲ. ತೊಟ್ಟಿಯ ವಿಡಿಯೋ ಗುಬ್ಬಿಗೆ ಹೋಯಿತು, ಬೀಗಿತ್ತಿ ಮೆತ್ತಗಾದರು. ಭಾನುವಾರ ಬೆಳಿಗ್ಗೆ ಪೂಜಾ ತುಂಬಿದ ಬಸುರಿಯಾಗಿ ಆಟೋದಿಂದ ಇಳಿದಳು.

ಬಾಗಿಲಲ್ಲಿ ಅಮ್ಮ ಇದ್ದರು, ಅಪ್ಪ ಕಾಣಲಿಲ್ಲ. ಹುಡುಕಿಕೊಂಡು ಹಿತ್ತಲಿಗೆ ಹೋದರೆ, ಹಣೆ ತುಂಬ ವಿಭೂತಿ ಧರಿಸಿದ ಅಪ್ಪ ಚೊಂಬು ಹಿಡಿದು ಕಾಂಪೌಂಡಿನಾಚೆ ಬಗ್ಗಿ ಅಂಗಲಾಚುತ್ತಿದ್ದರು:

"ರಹಿಮಾ ಬೀ, ನಿಮ್ ಕಡೆ ಎಲ್ಲಾದ್ರೂ ಸೊಳ್ಳೆಮರಿ ಇದ್ರೆ ಒಂದ್ ಚೊಂಬು ಕೊಡಮ್ಮಾ. ನನ್ ಮಗಳ್ನ ಮನೆಗೆ ಕರ್ಸಿಕೊಟ್ಟವು, ಪಾಪ, ನಿನ್ನೆಯಿಂದ ಉಪವಾಸ ಇದಾವೆ."