ಖಾಲಿ ಗೂಡು

ವಾಯುನೆಲೆಯಲ್ಲಿ ಇಪ್ಪತ್ತೆರಡು ವರ್ಷ ಯುದ್ಧವಿಮಾನಗಳ ರಿಪೇರಿ ಮಾಡಿ ಮೈ ಹಣ್ಣಾದ ಮೇಲೆ ಅವನು ಈ ವಿಮಾನ ನಿಲ್ದಾಣಕ್ಕೆ ಬಂದಿದ್ದ. ಕೆಲಸ ಕೊಡಿಸಿದವನು ಅಕ್ಕನ ಗಂಡ, ಇಲ್ಲಿನ ಮೇಲ್ವಿಚಾರಕ. ಇನ್ನು ಹದಿನೈದು ದಿನ ತೆಪ್ಪಗಿದ್ದರೆ ಕೆಲಸ ಕಾಯಂ. ಅಷ್ಟರೊಳಗೆ ಯಾವ ದೂರಿನಲ್ಲಾದರೂ, ವಿಮಾನ ತಡವಾದ ಫಾರಂನಲ್ಲಾದರೂ ಹೆಸರು ಬಂದರೆ ಮನೆಗೆ.

ಅಲ್ಲೂ ರನ್‌ವೇ, ಇಲ್ಲೂ ರನ್‌ವೇ. ಆದರೆ ಅಲ್ಲಿ ಬೆಳಗಾದರೆ ಅಧಿಕಾರಿಯಿಂದ ಅಡುಗೆಯವನವರೆಗೆ ಎಲ್ಲರೂ ಸಾಲಾಗಿ ನಡೆದು, ಇಂಜಿನ್ ಒಳಗೆ ಸೇರದಂತೆ ಕಲ್ಲುಹರಳು ಹೆಕ್ಕುತ್ತಿದ್ದರು. ಒಂದು ಸ್ಪ್ಯಾನರ್ ಕಾಣದಿದ್ದರೆ ವಿಮಾನ ಮೇಲೇಳುತ್ತಿರಲಿಲ್ಲ, ಯಾರೂ ಮನೆಗೆ ಹೋಗುತ್ತಿರಲಿಲ್ಲ. ಇಲ್ಲಿ ಗಡಿಯಾರವೇ ದೊಡ್ಡ ಸಾಹೇಬ. ಅವನು ಹಠಕ್ಕೆ ಬಿದ್ದು ತನ್ನ ಉಪಕರಣಗಳ ಪೆಟ್ಟಿಗೆಯಲ್ಲಿ ಸ್ಪಂಜು ಹಾಸಿ, ಒಂದೊಂದಕ್ಕೂ ಅದರದೇ ಆಕಾರದ ಗೂಡು ಕೊರೆದಿಟ್ಟ. ಜೊತೆಯವರು ‘ಮಿಲಿಟರಿ’ ಎಂದು ಹೆಸರಿಟ್ಟು ನಕ್ಕರು. ನಗಲಿ ಬಿಡಿ, ನಗುವುದಕ್ಕೇನು ಟಿಕೆಟ್ಟೇ?

ಆ ಮಧ್ಯಾಹ್ನ ಇಂಜಿನ್ ಕೆಲಸ ಮುಗಿಸಿ ಪೆಟ್ಟಿಗೆ ಮುಚ್ಚಹೋದರೆ ಒಂದು ಗೂಡು ಖಾಲಿ. ಬೆರಳುದ್ದದ ಸ್ಕ್ರೂಡ್ರೈವರ್ ಇಲ್ಲ. ಪ್ರಯಾಣಿಕರೆಲ್ಲ ಹತ್ತಿ ಕೂತಾಗಿತ್ತು.

“ವಿಮಾನ ಹೊರಡ್ಲಿ, ಸಹಿ ಹಾಕೋ ಪುಣ್ಯಾತ್ಮ, ಎಲ್ಲೋ ಬಿದ್ದಿರುತ್ತೆ,” ಎಂದ ಭಾವ.

“ಎಲ್ಲೋ ಅಂದ್ರೆ ಎಲ್ಲಿ ಭಾವ? ಇಂಜಿನ್ ಒಳಗಿದ್ರೆ?”

“ಇದೇನು ಯುದ್ಧಾನಾ? ಒಳಗೆ ಜನ ಕಾಯ್ತಾ ಇದ್ದಾರೆ.”

“ಜನ ಇದ್ದಾರೆ ಅಂತಾನೇ ಹಾಕಲ್ಲ ಅಂತಿರೋದು.”

ನಿಜ ಹೇಳಬೇಕೆಂದರೆ ಅವನಿಗೂ ಸಾಕಾಗಿತ್ತು. ಮಂಡಿ ನೋಯುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಒಂದು ಸಹಿ ಗೀಚಿ ಎಲ್ಲಾದರೂ ಕಾಲು ಚಾಚಿದರೆ ಸಾಕೆನಿಸಿತ್ತು. ಆದರೂ ಕೈ ಬರಲಿಲ್ಲ. ಇಂಜಿನ್ನಿನ ಮುಚ್ಚಳ ಮತ್ತೆ ಬಿಚ್ಚಿಸಿದ. ಐವತ್ತು ನಿಮಿಷ ಹುಡುಕಿದರು. ಗೊಣಗುತ್ತಲೇ ಭಾವನೂ ಟಾರ್ಚ್ ಹಿಡಿದು ಬಂದ. ಚಕ್ರದ ಕೆಳಗೆ ಬಗ್ಗಿ ನೋಡುವಾಗ ಭಾವನ ಅಂಗಿಯ ಜೇಬಿನಿಂದಲೇ ಸ್ಕ್ರೂಡ್ರೈವರ್ ಟಣ್ಣನೆ ನೆಲಕ್ಕೆ ಬಿತ್ತು. ಊಟದ ಹೊತ್ತಿನಲ್ಲಿ ಕನ್ನಡಕದ ಕಡ್ಡಿ ಬಿಗಿ ಮಾಡಿಕೊಳ್ಳಲು ತೆರೆದ ಪೆಟ್ಟಿಗೆಯಿಂದ ಎತ್ತಿಕೊಂಡವನು ಮರೆತೇಬಿಟ್ಟಿದ್ದ. ಅವರಿಬ್ಬರನ್ನು ಬಿಟ್ಟರೆ ಬೇರಾರೂ ನೋಡಲಿಲ್ಲ.

ವಿಮಾನ ಹೋಯಿತು. ಫಾರಂ ಉಳಿಯಿತು. ವಾಯುನೆಲೆಯಲ್ಲಿ ‘ತಪ್ಪು ನನ್ನದು’ ಎಂದವನ ಬೆನ್ನು ತಟ್ಟುತ್ತಿದ್ದರು. ಇಲ್ಲಿನ ಫಾರಂನಲ್ಲಿ ‘ತಡಕ್ಕೆ ಕಾರಣರಾದವರು’ ಎಂಬುದರ ಮುಂದೆ ಒಂದೇ ಗೆರೆ. ಮುಂದಿನ ತಿಂಗಳು ನಿವೃತ್ತನಾಗುವ ಭಾವನ ಹೆಸರು ಮೂವತ್ತು ವರ್ಷದಲ್ಲಿ ಒಮ್ಮೆಯೂ ಆ ಗೆರೆಯ ಮೇಲೆ ಕೂತಿರಲಿಲ್ಲ. ಭಾವ ಕಾಗದವನ್ನು ಮೆಲ್ಲಗೆ ಇತ್ತ ಸರಿಸಿದ.

“ನಿಲ್ಸಿದ್ದು ನೀನೇ ಅಲ್ವಾ... ನಿಮ್ಮಕ್ಕನಿಗೆ ಏನೂ ಹೇಳ್ಬೇಡ.”

ಅವನಿಗೆ ಮೈಯೆಲ್ಲ ಉರಿಯಿತು. ಅಕ್ಕನ ಮುಖ ನೆನಪಾಯಿತು. ಆಮೇಲೆ ಸುಸ್ತು ಬಂತು, ಸುಸ್ತೇ ಗೆದ್ದಿತು. ಗೆರೆಯ ಮೇಲೆ ತನ್ನ ಹೆಸರು ಬರೆದ. ಸ್ಕ್ರೂಡ್ರೈವರನ್ನು ಒರೆಸಿ ಅದರ ಗೂಡಿನಲ್ಲಿ ಕೂರಿಸಿ, ಪೆಟ್ಟಿಗೆಯನ್ನು ಭಾವನ ಮೇಜಿನ ಮೇಲಿಟ್ಟ.

“ಎಲ್ಲಾ ಇದೆ. ಒಂದ್ಸಲ ಎಣಿಸಿ ತಗೊಳ್ಳಿ, ಭಾವ.”

ಭಾವ ಎಣಿಸಲಿಲ್ಲ. ಕನ್ನಡಕ ತೆಗೆದು, ತಲೆ ಎತ್ತದೆ ಒರೆಸುತ್ತಾ ಕೂತ.