ದ್ರಾಬೊ ಕಸಿಯದ ಟೋಪಿ

ನನ್ನ ತಂಗಿಯ ಮಗ ತಿಬಿಲ ನಿರ್ದೇಶಿಸಿದ ಸಿನಿಮಾ ಯುರೋಪಿನ ಉತ್ಸವಗಳನ್ನೆಲ್ಲ ಸುತ್ತಿ ಬಂತು. ನಮ್ಮವರು ಮಾತ್ರ ಅದನ್ನು ನೋಡಿರಲಿಲ್ಲ. ನೋಡುವುದಾದರೂ ಎಲ್ಲಿ? ರಾಜಧಾನಿ ಔಗಡೂಗುವಿನ ನಮ್ಮ ಬೀದಿಯ ಚಿತ್ರಮಂದಿರ ಈಗ ಸಿಮೆಂಟಿನ ಗೋದಾಮು. ಚಿತ್ರೀಕರಣ ನಡೆದ ಹಳ್ಳಿಯವರಾದರೂ ನೋಡಲಿ ಎಂದು ನಾನೇ ಹಟ ಹಿಡಿದೆ. ಜನರೇಟರು ಹೇರಿಕೊಂಡು ಆ ಸಾಮೊ ಹಳ್ಳಿಗೆ ಹೊರಟೆವು.

ನಾವು ಮೊಸ್ಸಿ ಬುಡಕಟ್ಟಿನವರು, ಅವರು ಸಾಮೊ ಬುಡಕಟ್ಟಿನವರು. ಸಾಮೊಗಳಿಗೂ ನಮಗೂ ಬೈದಾಟದ ನಂಟು. ಎದುರು ಸಿಕ್ಕರೆ ಹಂಗಿಸಲೇಬೇಕು, ಸಾವಿನ ಮನೆಯಲ್ಲೂ. ಉಪಚಾರದ ಮಾತು ಹೊರಗಿನವರಿಗೆ. ಚಿತ್ರೀಕರಣಕ್ಕೆ ಮನೆ ಬಿಟ್ಟುಕೊಟ್ಟು, ತಾನೇ ಅಪ್ಪನ ಪಾತ್ರ ಮಾಡಿದ್ದ ಮುದುಕ ದ್ರಾಬೊ ಆಗ ದಿನವೂ ತಿಬಿಲನ ಟೋಪಿ ಕಸಿದು ತಾನು ಹಾಕಿಕೊಂಡು ತಿರುಗುತ್ತಿದ್ದನಂತೆ. ತಂದೆಯಿಲ್ಲದೆ ಬೆಳೆದ ಹುಡುಗ. ಆ ಮಾತನ್ನು ಹೇಳುವಾಗಲೆಲ್ಲ ಅವನ ಮುಖ ಅರಳುತ್ತಿತ್ತು.

ಕಾರು ನಿಲ್ಲುತ್ತಲೇ ದ್ರಾಬೊ ಬಂದ. "ಬಂದ್ಯೇನೋ ಗುಲಾಮ? ನಿಮ್ಮಜ್ಜನ್ನ ನಮ್ಮಜ್ಜ ಒಂದು ನಾಯಿತಲೆ ಕೊಟ್ಟು ಕೊಂಡಿದ್ದ. ನಡಿ, ಸೌದೆ ಹೊರು" ಎಂದು ಟೋಪಿ ಕಸಿದ. ತಿಬಿಲ ನಕ್ಕು ಸೌದೆ ಹೊತ್ತ.

ಸಂಜೆಗತ್ತಲಲ್ಲಿ ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿದೆವು. ಮೊದಲು ನಗುವೋ ನಗು. ಯಾರ ಆಡು, ಯಾರ ಕತ್ತೆ ಎಂದು ಕೂಗಾಟ. ಪರದೆಯಲ್ಲಿ ದ್ರಾಬೊನ ಮನೆಯ ತಗಡಿನ ಮಾಡಿನ ಮೇಲೆ ಹುಲ್ಲು ಹೊದಿಸಿದ್ದನ್ನು ಕಂಡು ಅವನ ಹೆಂಡತಿ ಮಾತೆನೆಯೂ ನಕ್ಕಳು. ಚಿತ್ರಕ್ಕೆ ಹಣ ಹಾಕಿದ ಪರದೇಶದವರಿಗೆ ತಗಡು ಕಾಣುವುದು ಬೇಕಿರಲಿಲ್ಲ. ಊರಿನವರೇ ಸೇರಿ ಕೊರೆಸಿದ ಕೈಪಂಪೂ ಬೇಕಿರಲಿಲ್ಲ. ತಿಬಿಲ ಒಪ್ಪಿದ್ದ. ಒಪ್ಪದಿದ್ದರೆ ಚಿತ್ರವೇ ಇರುತ್ತಿರಲಿಲ್ಲ.

ಊರಿನವರು ತುಣುಕು ತುಣುಕಾಗಿ ನಟಿಸಿದ್ದರು. ಇಡೀ ಕಥೆ ಯಾರಿಗೂ ಗೊತ್ತಿರಲಿಲ್ಲ. ಪರದೆಯ ಮೇಲೆ ಮಾತೆನೆ ಕೆಸರು ಕುಂಟೆಯ ನೀರು ತಂದಳು. ಅದನ್ನು ಕುಡಿದು ಮಗು ಸತ್ತಿತು. ಅಪ್ಪ ದ್ರಾಬೊ ಗೋಡೆಗೊರಗಿ ಸುಮ್ಮನೆ ಕುಳಿತಿದ್ದ. ಹಿನ್ನೆಲೆಯ ಫ್ರೆಂಚ್ ದನಿ, ಇಲ್ಲಿನವರಿಗೆ ಶುದ್ಧ ನೀರೆಂದರೇನೆಂದೇ ತಿಳಿಯದು ಎಂದಿತು. ಅಲ್ಲಿಯವರೆಗೆ ಪ್ರತಿ ಮಾತನ್ನೂ ಗಟ್ಟಿಯಾಗಿ ಸಾಮೊ ಭಾಷೆಯಲ್ಲಿ ಹೇಳುತ್ತಿದ್ದ ಶಾಲೆಯ ಮೇಷ್ಟ್ರು ಆ ಮಾತನ್ನು ಹೇಳದೆ ಕೆಮ್ಮಿದರು. ಫ್ರೆಂಚ್ ಬಲ್ಲ ನನಗೆ ಅವರ ಒಳ್ಳೆಯತನ ಗೊತ್ತಾಯಿತು. ಆದರೆ ಜನ ಕಣ್ಣಾರೆ ಕಂಡಾಗಿತ್ತು.

ಚಿತ್ರ ಮುಗಿದಾಗ ಜನ ಎದ್ದು ಮನೆಗಳತ್ತ ನಡೆದರು. ತಿಬಿಲ ದ್ರಾಬೊನ ಮುಂದೆ ನಿಂತ. ಮುದುಕ ತಲೆಯಿಂದ ಟೋಪಿ ತೆಗೆದು, ಧೂಳು ಕೊಡವಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

"ಬೈಯಪ್ಪ, ಏನಾದರೂ ಅನ್ನು" ಎಂದ ತಿಬಿಲ.

"ದೂರದಿಂದ ಬಂದೋರು. ನಿಮಗೇನು ಅನ್ನಲಿ? ಊಟ ಮಾಡಿ."

ನಾನು ತಲೆತಗ್ಗಿಸಿದೆ. ಹಟ ಹಿಡಿದವಳು ನಾನಲ್ಲವೇ? ಮಾತೆನೆ ಜೋಳದ ಮುದ್ದೆ ತಂದಿಟ್ಟು, ಸೋರೆಬುರುಡೆಯಲ್ಲಿ ನೀರು ಕೊಟ್ಟಳು. "ಪಂಪಿನದು, ಹೆದರಬೇಡಿ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ತಿಬಿಲ ಬುರುಡೆಯನ್ನು ಬಾಯಿಯವರೆಗೆ ಒಯ್ದು ಹಾಗೇ ಕೆಳಗಿಟ್ಟ.

ಬೆಳಿಗ್ಗೆ ಹೊರಡುವಾಗ ದ್ರಾಬೊ ಅತಿಥಿಗಳಿಗೆ ಕೊಡುವಂತೆ ಕಾಲು ಕಟ್ಟಿದ ಕೋಳಿಯೊಂದನ್ನು ಕಾರಿನಲ್ಲಿಟ್ಟ. ತಿಬಿಲ ಟೋಪಿ ಹಾಕಿಕೊಂಡು ಕಿಟಕಿಯಿಂದ ತಲೆ ಹೊರಗೆ ಚಾಚಿ, ಕಸಿದುಕೋ ಎನ್ನುವಂತೆ ಬಗ್ಗಿಸಿಕೊಂಡೇ ಇದ್ದ. ದ್ರಾಬೊ ಹತ್ತಿರ ಬಂದ. ಕೈ ಎತ್ತಿದ. ವಾರೆಯಾಗಿದ್ದ ಟೋಪಿಯನ್ನು ನೆಟ್ಟಗೆ ಮಾಡಿ, ಬಿಸಿಲು ಜೋರಿದೆ ಎಂದು ಹೇಳಿ ಹಿಂದೆ ಸರಿದ.