ಗೂಡಿಗೊಂದು ಗಂಟು

ಏಳು ಸಮುದ್ರದಾಚೆ ಒಂದು ದ್ವೀಪವಿತ್ತಂತೆ. ಅಲ್ಲಿನ ದೊರೆಗಳಿಗೆ ಎಷ್ಟು ಕಟ್ಟಡ ಕಟ್ಟಿದರೂ ಸಾಲದಂತೆ. ಕಾಡು ಕಡಿಯುವ ಮೊದಲು ಹಕ್ಕಿಗಳನ್ನು ಎಣಿಸಬೇಕೆಂದು ಅವರೇ ಕಟ್ಟಳೆ ಮಾಡಿಕೊಂಡಿದ್ದರಂತೆ. ಕೆಸರಿಗಿಳಿದು ಎಣಿಸುವವರು ಯಾರು? ಹುಣಸೂರಿನ ಕಡೆಯಿಂದ ಒಬ್ಬ ಹಕ್ಕಿಪಿಕ್ಕಿಯನ್ನು ಹಿಡಿದು ತಂದರಂತೆ.

ಅವನೀಗ ಆ ದ್ವೀಪದ ವುಡ್‌ಲ್ಯಾಂಡ್ಸ್ ಬಡಾವಣೆಯ ಆಚೆ, ಉಪ್ಪುನೀರಿನ ಕಾಂಡ್ಲಾ ಕಾಡಿನಂಚಿನಲ್ಲಿ ಸೊಂಟದವರೆಗೆ ಕೆಸರು ಮೆತ್ತಿಕೊಂಡು ಸರ್ವೇ ಆಫೀಸರನಿಂದ ಬೈಸಿಕೊಳ್ಳುತ್ತ ನಿಂತಿದ್ದ.

“ಲೋ ಕಲೆಕ್ಟ್ರು! ಥೂ, ಅದೂ ಒಂದು ಹೆಸರಾ! ರಿಪೋರ್ಟ್‌ನಲ್ಲಿ ಝೀರೋ ಅಂತ ಹಾಕಿ ಸಬ್ಮಿಟ್ ಮಾಡಿ ಆಯ್ತು. ಆ ಹೊಲಸು ದಾರ ಹಿಡ್ಕೊಂಡು ಮತ್ತೆ ಬಂದ್ಯಾ?”

“ಅರವತ್ಮೂರು ಗೂಡವೆ ಸಾ. ಎಲ್ಲದ್ರಲ್ಲೂ ಮೊಟ್ಟೆ ಮಡಗವೆ.”

“ಹಕ್ಕಿ ಕಂಡ್ರೆ ಪುಕ್ಕ ಕಿತ್ತು ತಿನ್ನೋ ಜಾತಿ ನಿಮ್ದು. ಇವತ್ತು ಅವುಗಳ ವಕೀಲನಾಗ್ಬಿಟ್ಯಾ? ದೂರ ನಿಂತ್ಕೋ, ಕಾರು ಹೊಸದು.”

ಅವನು ಹುಟ್ಟಿದ ದಿನ ಕಾಲೊನಿಗೆ ಕಲೆಕ್ಟರ್ ಜೀಪು ಬಂದಿತ್ತೆಂದು ಅಜ್ಜಿ ಇಟ್ಟ ಹೆಸರು ಕಲೆಕ್ಟ್ರು. ಅವನಿಗೆ ಅಕ್ಷರ ಬಾರದು. ಅಜ್ಜಿ ಬಲೆಯ ಉರುಳುಗಳನ್ನು ಎಣಿಸುತ್ತಿದ್ದ ಹಾಗೆಯೇ ಅವನೂ ನೈಲಾನ್ ದಾರಕ್ಕೆ ಗೂಡಿಗೊಂದು ಗಂಟು ಹಾಕಿದ್ದ. ಗೂಡು ಹಾಳಾದರೆ ಗಂಟು ಬಿಚ್ಚಬೇಕು. ದಾರ ಸುಳ್ಳಾಡಬಾರದು ಎನ್ನುತ್ತಿದ್ದಳು ಅವಳು.

“ಸರ್ಕಾರಕ್ಕೆ ಹೋಗೋ ಲೆಕ್ಕ ಇದು. ಒಂದೂ ಮಿಸ್ ಆಗಬಾರದು, ಪ್ರಾಮಿಸ್?” ಎಂದು ಇಪ್ಪತ್ತು ದಿನದ ಹಿಂದೆ ಕೇಳಿದ್ದವನು ಇದೇ ದ್ವಾರಕನಾಥ್, ಮೈಸೂರಿನವನು, ಸರ್ವೇ ಆಫೀಸರ್. ಆಮೇಲೆ ಕಟ್ಟಡದ ಕಂಪನಿಗೆ ಆ ಸಂಖ್ಯೆ ಹಿಡಿಸಲಿಲ್ಲ. ಗೂಡಿದ್ದರೆ ಕೆಲಸ ನಿಲ್ಲುತ್ತಿತ್ತು.

“ನಮ್ಮಜ್ಜಿ ಮ್ಯಾಲೆ ಆಣೆ ಆಕಿವ್ನಿ ಸಾ. ಲೆಕ್ಕ ಸರ್ಕಾರಕ್ಕೆ ಮುಟ್ಟುಸ್ಬೇಕು.”

ದ್ವಾರಕನಾಥ್ ದಾರ ಕಿತ್ತುಕೊಂಡು ಕೆಸರಿಗೆಸೆದು ಬೂಟಿನಿಂದ ಒತ್ತಿದ. “ನಿಮ್ಮಜ್ಜಿ ವೀಸಾ ಕೊಡಿಸ್ತಾಳೇನೋ? ಹನ್ನೊಂದಕ್ಕೆ ಮೇಡಮ್ ಬರ್ತಾರೆ. ಕಮಕ್ ಕಿಮಕ್ ಅಂದ್ರೆ ಪರ್ಮಿಟ್ ಕ್ಯಾನ್ಸಲ್, ಸಂಜೆ ಫ್ಲೈಟ್‌ಗೇ ಪ್ಯಾಕ್ ಮಾಡಿಸ್ತೀನಿ, ಬೋಳಿಮಗನೆ.”

ಕಲೆಕ್ಟ್ರು ಬಗ್ಗಿ ದಾರ ಆಯ್ದುಕೊಂಡ.

ಸರ್ಕಾರದ ಚೀನೀ ಅಧಿಕಾರಿಣಿ ಕೊಡೆ ಹಿಡಿದು ಬಂದಳು. ಕಾಡು ಉಸಿರು ಬಿಗಿಹಿಡಿದಿತ್ತು. ಬೂದು ಕೊಕ್ಕರೆಗಳು ಎಲೆಗಳ ಮರೆಯಲ್ಲಿ ಕಲ್ಲಿನಂತೆ ಕಾವಿಗೆ ಕೂತಿದ್ದವು. ರಸ್ತೆಯಿಂದ ನೋಡಿದರೆ ಬರೀ ಹಸಿರು.

“ನೋ ಬರ್ಡ್ಸ್, ಮೇಡಮ್. ಓನ್ಲಿ ಮಡ್,” ಎಂದು ದ್ವಾರಕನಾಥ್ ನಕ್ಕ. ಅವಳು ಪುಸ್ತಕ ಮುಚ್ಚಿ ಹೊರಡಲು ತಿರುಗಿದಳು.

ಅಜ್ಜಿ ಕಲಿಸಿದ ಕೂಗೊಂದಿತ್ತು, ಹದ್ದಿನ ಕೂಗು. ಅದಕ್ಕೆ ಬೆದರಿ ಮೇಲೆದ್ದ ಹಕ್ಕಿಗಳು ಬಲೆಗೆ ಬೀಳುತ್ತಿದ್ದವು. ಇಲ್ಲಿ ಬಲೆಯಿರಲಿಲ್ಲ. ಆದರೆ ತಾಯಂದಿರು ಎದ್ದರೆ ಮೊಟ್ಟೆಗಳು ಬಯಲಿಗೆ ಬೀಳುತ್ತವೆ; ಕಾಡು ಕಡಿಯಲು ತಂದು ನಿಲ್ಲಿಸಿದ್ದ ಬುಲ್ಡೋಜರಿನ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಅದು ಅವನಿಗೆ ಗೊತ್ತಿತ್ತು.

ಎರಡು ಬೆರಳು ಬಾಯಿಗಿಟ್ಟು ಕೂಗಿದ. ಎಲೆ ಅಲುಗಲಿಲ್ಲ. ಮತ್ತೆ ಕೂಗಿದ.

ಕಾಡು ಹರಿದುಹೋಯಿತು. ಮರ ಮರದಿಂದ ಬೂದು ರೆಕ್ಕೆಗಳು ಎದ್ದು ಬಿಸಿಲು ಮುಚ್ಚಿದವು.

“ಅಯ್ಯಾ! ಸೋ ಮೆನಿ ಲಾ!” ಅಧಿಕಾರಿಣಿಯ ಕೊಡೆ ಕೆಳಗೆ ಬಿತ್ತು.

“ಸಾಯಿಸ್ಬಿಡ್ತೀನಿ ನಿನ್ನ!” ದ್ವಾರಕನಾಥ್ ಅವನ ಕುತ್ತಿಗೆಪಟ್ಟಿ ಹಿಡಿದ. ಕಲೆಕ್ಟ್ರು ಕೆಸರಿನ ದಾರವನ್ನು ಅವಳ ಅಂಗೈಗಿಟ್ಟು, ಒಂದು ಗಂಟು ಮುಟ್ಟಿ ಒಂದು ಗೂಡು ತೋರಿಸಿದ. ಇನ್ನೊಂದು ಗಂಟು, ಇನ್ನೊಂದು ಗೂಡು. ಅವಳಿಗೆ ಅರ್ಥವಾಯಿತು. ಗಂಟುಗಳನ್ನೆಲ್ಲ ಎಣಿಸಿ ಪುಸ್ತಕದಲ್ಲಿ ಅರವತ್ತಮೂರು ಎಂದು ಬರೆದಳು.

ಅಷ್ಟರಲ್ಲಿ ಕಾಗೆಯೊಂದು ತುದಿಮರದಿಂದ ಹಾರಿತು. ಕೊಕ್ಕಿನಲ್ಲಿ ತಿಳಿನೀಲಿ ಮೊಟ್ಟೆ. ಎಲ್ಲಕ್ಕಿಂತ ತಡವಾಗಿ ಕಟ್ಟಿದ, ಒಂದೇ ಮೊಟ್ಟೆಯ ಗೂಡು ಅದು.

“ಹತ್ತೋ ಲಾರಿ!” ಕೂಲಿಗಳನ್ನು ಸಾಗಿಸುವ ಲಾರಿಯತ್ತ ಕೈ ತೋರಿಸಿದ ದ್ವಾರಕನಾಥ್ ಆಗಲೇ ಫೋನಿನಲ್ಲಿ ಸಂಜೆ ಫ್ಲೈಟಿಗೆ ಟಿಕೆಟ್ ಹೇಳುತ್ತಿದ್ದ.

“ತಡೀರಿ ಸಾ.”

ಕಲೆಕ್ಟ್ರು ಅವಳ ಕೈಯಿಂದ ದಾರ ತೆಗೆದುಕೊಂಡ. ಕೊನೆಯ ಗಂಟು ಕೆಸರಿನಲ್ಲಿ ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿ, ಮತ್ತೆ ಅವಳ ಕೈಗಿಟ್ಟ. ಅವಳು ಅವನ ಮುಖವನ್ನೇ ನೋಡಿದಳು. ಅರವತ್ತಮೂರಕ್ಕೆ ಗೀಟೆಳೆದು ಅರವತ್ತೆರಡು ಎಂದು ಬರೆದಳು.

ಲೆಕ್ಕ ಮುಟ್ಟಿತು. ಅವನು ತಾನೇ ಲಾರಿ ಹತ್ತಿದ.